ಬಿಸಿಲು, ಗಾಳಿಯ ಕರೆಂಟಿಗೆ ನಮ್ಮ ದೇಶದ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದ ಮೇಲೆ ಬೀದಿಯವರು ಮೊದಲು ಕೇಳಿದ್ದು ಖರ್ಚಿನ ಲೆಕ್ಕ. ಆಮೇಲೆ ಕೇಳಿದ್ದು, "ಎಸ್ಕಾಂನವರು (ಮನೆಗೆ ಕರೆಂಟ್ ಕೊಡುವ ಕಂಪನಿಯವರು) ಒಪ್ಪದಿದ್ದರೆ ಏನು ಮಾಡೋದು?" ಖರ್ಚಿನ ಲೆಕ್ಕ ಹೇಳುವುದು ಸುಲಭವಿತ್ತು. ಎರಡನೆಯದಕ್ಕೆ ಉತ್ತರ ಹುಡುಕುತ್ತಾ ಕಾಯ್ದೆ, ನಿಯಮ, ಕೋರ್ಟ್ ತೀರ್ಪುಗಳನ್ನೆಲ್ಲ ಓದಬೇಕಾಯಿತು. ನೆಂಟರು, ಗೆಳೆಯರು, ಊರಿನ ರೈತರು ಇದುವರೆಗೆ ಕೇಳಿದ ಪ್ರಶ್ನೆಗಳನ್ನೂ ನನಗೆ ಸಿಕ್ಕ ಉತ್ತರಗಳನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ.

ನವೀಕರಿಸಬಹುದಾದ ಇಂಧನಕ್ಕೆ ಅಂತಲೇ ಭಾರತದಲ್ಲಿ ಒಂದು ಕಾಯ್ದೆ ಇದೆಯಾ?

ಇಲ್ಲ. ಇದನ್ನು ಕೇಳಿ ತುಂಬಾ ಜನರಿಗೆ ಆಶ್ಚರ್ಯವಾಗುತ್ತದೆ. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇದೆ, ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳಿವೆ. ಆದರೂ ಸಂಸತ್ತು ಇದಕ್ಕೆಂದೇ ಒಂದು ಕಾಯ್ದೆ ಮಾಡಿಲ್ಲ.

ಪ್ರಯತ್ನ ನಡೆಯಲಿಲ್ಲ ಎಂದಲ್ಲ. 2015ರಲ್ಲಿ ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಒಂದು ರಾಷ್ಟ್ರೀಯ ಕಾಯ್ದೆಯ ಕರಡು ತಯಾರಿಸಿ ಜನರ ಅಭಿಪ್ರಾಯ ಕೇಳಿತ್ತು. ಅದು ಕರಡಾಗಿಯೇ ಉಳಿಯಿತು.

ಹಾಗಾದರೆ ಇಷ್ಟೆಲ್ಲ ನಡೆದದ್ದು ಯಾವುದರ ಬಲದ ಮೇಲೆ? ಮುಖ್ಯವಾಗಿ ಎರಡು ಕಾಯ್ದೆಗಳ ಮೇಲೆ. ಒಂದು, 2003ರ ವಿದ್ಯುತ್ ಕಾಯ್ದೆ. ಇನ್ನೊಂದು, 2001ರ ಇಂಧನ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 2022ರಲ್ಲಿ ಆದ ತಿದ್ದುಪಡಿ. ಇವುಗಳ ಕೆಳಗೆ ಕೇಂದ್ರದ ನಿಯಮಗಳು, ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಗಳ ನಿಬಂಧನೆಗಳು ಬರುತ್ತವೆ. ಕಾಯ್ದೆಯ ಬಲ ಇಲ್ಲದ ನೀತಿಗಳು, ಯೋಜನೆಗಳು ಬೇರೆ ಇವೆ. ಯಾವುದು ಕಾಯ್ದೆ, ಯಾವುದು ನಿಯಮ, ಯಾವುದು ಬರೀ ಯೋಜನೆ ಅಂತ ಗೊತ್ತಿದ್ದರೆ ನಮ್ಮ ಕೈಯಲ್ಲಿ ಏನಿದೆ ಅನ್ನುವುದೂ ಗೊತ್ತಾಗುತ್ತದೆ.

ನವೀಕರಿಸಬಹುದಾದ ಇಂಧನದ ಲೆಕ್ಕಕ್ಕೆ ಯಾವ್ಯಾವುದು ಬರುತ್ತದೆ?

ಬಿಸಿಲು, ಗಾಳಿ, ಕಬ್ಬಿನ ಸಿಪ್ಪೆಯಂಥ ಜೈವಿಕ ಇಂಧನ, ಕಸದಿಂದ ಮಾಡುವ ವಿದ್ಯುತ್, ಜಲವಿದ್ಯುತ್. ಮೊದಲು 25 ಮೆಗಾವಾಟ್‌ವರೆಗಿನ ಸಣ್ಣ ಜಲವಿದ್ಯುತ್ ಘಟಕಗಳನ್ನು ಮಾತ್ರ ಸೇರಿಸುತ್ತಿದ್ದರು. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೊಡ್ಡ ಜಲವಿದ್ಯುತ್ ಯೋಜನೆಗಳೂ ನವೀಕರಿಸಬಹುದಾದವೇ ಎಂದು ಘೋಷಿಸಿತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನೀರಿನ ಕರೆಂಟ್ ಕಳಿಸಿದ ನಾಡು ನಮ್ಮದು. ಆದರೆ ಅಣೆಕಟ್ಟಿನ ಹಿಂದೆ ಮುಳುಗುವ ಕಾಡು ಮತ್ತೆ ಬರುವುದಿಲ್ಲ. ಹಾಗಾಗಿ ದೊಡ್ಡ ಅಣೆಕಟ್ಟುಗಳನ್ನು ಸೋಲಾರ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ.

2003ಕ್ಕಿಂತ ಮುಂಚೆ ಏನಿತ್ತು?

1910, 1948 ಮತ್ತು 1998ರ ಮೂರು ವಿದ್ಯುತ್ ಕಾಯ್ದೆಗಳಿದ್ದವು. ಬಿಸಿಲು, ಗಾಳಿಯ ವಿದ್ಯುತ್ತನ್ನು ಬೆಳೆಸುವುದು ಅವುಗಳ ಉದ್ದೇಶವಾಗಿರಲಿಲ್ಲ. ಆ ಕಾಲದ ಕೆಲಸವೆಲ್ಲ ಆಡಳಿತದ ಮಟ್ಟದಲ್ಲಿ ನಡೆಯಿತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನಂತರ 1981ರಲ್ಲಿ ಪರ್ಯಾಯ ಇಂಧನಕ್ಕೆ ಒಂದು ಆಯೋಗ ಬಂತು, 1982ರಲ್ಲಿ ಒಂದು ಇಲಾಖೆ, 1992ರಲ್ಲಿ ಪ್ರತ್ಯೇಕ ಸಚಿವಾಲಯ. ಸಾಲ ಕೊಡುವುದಕ್ಕೆ 1987ರಲ್ಲಿ ಇರೆಡಾ ಎಂಬ ಕೇಂದ್ರದ ಸಂಸ್ಥೆ ಹುಟ್ಟಿತು. ನಮ್ಮ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ, ಅಂದರೆ ಕ್ರೆಡೆಲ್, ಶುರುವಾದದ್ದು 1996ರಲ್ಲಿ.

2003ರ ಕಾಯ್ದೆಯಲ್ಲಿ ಅಂಥದ್ದೇನಿದೆ?

ಒಂದು ಪುಟ್ಟ ಉಪಸೆಕ್ಷನ್ ಇದೆ, 86(1)(ಇ). ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಕೆಲಸಗಳ ಪಟ್ಟಿಯಲ್ಲಿ ಬರುತ್ತದೆ. ನಮ್ಮ ದೇಶದ ಸೋಲಾರ್, ಗಾಳಿ ವಿದ್ಯುತ್ತಿನ ಕಥೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ ಅಂತಲೇ ನನ್ನ ಅನಿಸಿಕೆ.

ಅದು ಆಯೋಗಕ್ಕೆ ಮೂರು ಕೆಲಸ ಹೇಳುತ್ತದೆ. ಇಂಥ ವಿದ್ಯುತ್ ತಯಾರಿಸುವವರಿಗೆ ಗ್ರಿಡ್ (ಊರೂರಿಗೆ ಕರೆಂಟ್ ಒಯ್ಯುವ ತಂತಿಜಾಲ) ಸಂಪರ್ಕ ಸಿಗುವಂತೆ ಮಾಡಬೇಕು. ಅವರು ಯಾರಿಗೆ ಬೇಕಾದರೂ ಮಾರುವುದಕ್ಕೆ ದಾರಿ ಮಾಡಿಕೊಡಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಒಂದು ಪ್ರದೇಶದಲ್ಲಿ ಬಳಕೆಯಾಗುವ ಒಟ್ಟು ವಿದ್ಯುತ್ತಿನಲ್ಲಿ ಶೇಕಡಾ ಇಷ್ಟು ಪಾಲನ್ನು ಇಂಥ ಮೂಲಗಳಿಂದಲೇ ಕೊಳ್ಳಬೇಕು ಅಂತ ನಿಗದಿ ಮಾಡಬೇಕು. ಕೊಳ್ಳುವವರು ಗ್ಯಾರಂಟಿ ಇದ್ದರೆ ಬ್ಯಾಂಕು ಸಾಲ ಕೊಡುತ್ತದೆ. ಸಾಲ ಸಿಕ್ಕರೆ ಗುಡ್ಡದ ಮೇಲೆ ಗಾಳಿಯಂತ್ರ ಏಳುತ್ತದೆ.

ಜೊತೆಗೆ ಸೆಕ್ಷನ್ 61(ಎಚ್) ಇದೆ. ದರ ನಿಗದಿ ಮಾಡುವಾಗ ನವೀಕರಿಸಬಹುದಾದ ಇಂಧನಕ್ಕೆ ಪ್ರೋತ್ಸಾಹ ಸಿಗುವುದನ್ನೂ ನೋಡಬೇಕು ಎನ್ನುತ್ತದೆ. ಸೆಕ್ಷನ್ 7ರ ಪ್ರಕಾರ ವಿದ್ಯುತ್ ತಯಾರಿಸಲು ಲೈಸೆನ್ಸ್ ಬೇಕಿಲ್ಲ. ಗ್ರಿಡ್ ಮುಟ್ಟದ ಹಳ್ಳಿಗಳಲ್ಲಿ ಸ್ವತಂತ್ರ ಘಟಕಗಳಿಗೆ ರಾಷ್ಟ್ರೀಯ ನೀತಿ ಬೇಕು ಎನ್ನುವುದು ಸೆಕ್ಷನ್ 4.

ದರದ ವಿಷಯದಲ್ಲಿ ಒಂದು ಲೆಕ್ಕ ನೋಡಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ಹಾಕಿದ ದರ ಯೂನಿಟ್‌ಗೆ 17 ರೂಪಾಯಿ 91 ಪೈಸೆ. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ ನಡೆದ, ಕಡಿಮೆ ದರ ಹೇಳಿದವರಿಗೆ ಯೋಜನೆ ಕೊಡುವ ಹರಾಜಿನಲ್ಲಿ ಅದು 1 ರೂಪಾಯಿ 99 ಪೈಸೆಗೆ ಬಂತು. ಪ್ಯಾನೆಲ್ ಬೆಲೆ ಜಗತ್ತಿನಾದ್ಯಂತ ಇಳಿದದ್ದು ಇದಕ್ಕೆ ದೊಡ್ಡ ಕಾರಣ. ಆದರೆ ಇಳಿದ ಬೆಲೆಯ ಲಾಭ ನಮಗೆ ಸಿಗಬೇಕಾದರೆ ಕೊಳ್ಳುವ ಕಡ್ಡಾಯವೂ, ಹರಾಜಿಗೆ ದಾರಿ ಮಾಡಿದ ಸೆಕ್ಷನ್ 63 ಕೂಡ ಇರಬೇಕಾಗಿತ್ತು.

ಈ ಕೊಳ್ಳುವ ಕಡ್ಡಾಯ ಈಗ ಎಷ್ಟಿದೆ?

ಮೊದಲು ಪ್ರತಿ ರಾಜ್ಯದ ಆಯೋಗ ತನಗೆ ತೋಚಿದಷ್ಟು ಹಾಕುತ್ತಿತ್ತು. 2016ರ ರಾಷ್ಟ್ರೀಯ ದರ ನೀತಿ ಒಂದು ಗುರಿ ಕೊಟ್ಟಿತು: ಜಲವಿದ್ಯುತ್ ಬಿಟ್ಟು ಉಳಿದ ಬಳಕೆಯಲ್ಲಿ 2022ರ ಮಾರ್ಚ್ ಹೊತ್ತಿಗೆ ಶೇ 8ರಷ್ಟು ಸೌರ ವಿದ್ಯುತ್ ಇರಬೇಕು ಅಂತ.

ಆಮೇಲಿನ ಲೆಕ್ಕವನ್ನು ಕೇಂದ್ರ ಮೊದಲು ಹೊರಡಿಸಿದ್ದು 2023ರ ಅಕ್ಟೋಬರ್‌ನ ಅಧಿಸೂಚನೆಯಲ್ಲಿ. ಅದರ ಪ್ರಕಾರ 2024-25ಕ್ಕೆ ಶೇ 29.91, 2025-26ಕ್ಕೆ ಶೇ 33.01. ಹೀಗೆ ಏರುತ್ತಾ 2029-30ಕ್ಕೆ ಶೇ 43.33. ಅಂದರೆ ಆ ವರ್ಷ ಎಸ್ಕಾಂ 100 ಯೂನಿಟ್ ಕರೆಂಟ್ ಹಂಚಿದರೆ ಅದರಲ್ಲಿ 43ಕ್ಕಿಂತ ಜಾಸ್ತಿ ಯೂನಿಟ್ ಬಿಸಿಲು, ಗಾಳಿ, ನೀರಿನಂಥ ಮೂಲಗಳಿಂದ ಬಂದಿರಬೇಕು.

ಈ ಪಟ್ಟಿಯಲ್ಲಿ ನನಗೆ ಖುಷಿ ಕೊಟ್ಟ ಒಂದು ಸಾಲಿದೆ. ತಾರಸಿ ಸೋಲಾರ್‌ನಂಥ ಚಿಕ್ಕಪುಟ್ಟ, ಅಲ್ಲಲ್ಲೇ ಹಂಚಿಹೋದ ಘಟಕಗಳಿಗೆ ಬೇರೆಯೇ ಪಾಲು ಇಟ್ಟಿದ್ದಾರೆ. 2024-25ಕ್ಕೆ ಶೇ 1.5, 2029-30ಕ್ಕೆ ಶೇ 4.5. ಅಂದಮೇಲೆ ನಮ್ಮ ಮನೆಯ ಪ್ಯಾನೆಲ್ ಎಸ್ಕಾಂಗೆ ಹೊರೆಯಲ್ಲ. ಅವರೇ ಮುಟ್ಟಬೇಕಾದ ಗುರಿಯ ಒಂದು ತುಣುಕು ಅದು.

ಕೊಳ್ಳದಿದ್ದರೆ ಏನಾಗುತ್ತದೆ?

ಬಹಳ ವರ್ಷ ಏನೂ ಆಗಲಿಲ್ಲ ಅನ್ನುವುದು ಬೇಸರದ ಸಂಗತಿ. 2003ರ ಕಾಯ್ದೆಯ ಸೆಕ್ಷನ್ 142 ಪ್ರಕಾರ ಆಯೋಗದ ಆದೇಶ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ, ತಪ್ಪು ಮುಂದುವರಿದರೆ ದಿನಕ್ಕೆ 6,000ದವರೆಗೆ. ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಗೆ ಇದು ಯಾವ ಲೆಕ್ಕ? ಎಷ್ಟೋ ಕಡೆ ಆ ವರ್ಷದ ಕೊರತೆಯನ್ನು ಮುಂದಿನ ವರ್ಷಕ್ಕೆ ತಳ್ಳಿ ಸುಮ್ಮನಾದರು.

ನೇರವಾಗಿ ವಿದ್ಯುತ್ ಕೊಳ್ಳಲಾಗದವರಿಗೆ 2010ರಲ್ಲಿ ಕೇಂದ್ರ ಆಯೋಗ ಇನ್ನೊಂದು ದಾರಿ ಮಾಡಿತು. ಅದೇ ಆರ್‌ಇಸಿ ಎಂಬ ಪ್ರಮಾಣಪತ್ರ. 1,000 ಯೂನಿಟ್ ಹಸಿರು ವಿದ್ಯುತ್ತಿಗೆ ಒಂದು ಪ್ರಮಾಣಪತ್ರ; ಅದನ್ನು ಕೊಂಡರೆ ಅಷ್ಟು ಯೂನಿಟ್ ಕೊಂಡಂತೆಯೇ ಲೆಕ್ಕ. 2011ರಿಂದ ಇವು ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಮಾರಾಟವಾಗುತ್ತಿವೆ.

ಸ್ವಂತ ವಿದ್ಯುತ್ ಘಟಕ ಇಟ್ಟುಕೊಂಡ ಕಾರ್ಖಾನೆಗಳು "ನಮಗೇಕೆ ಈ ಕಡ್ಡಾಯ?" ಎಂದು ಸುಪ್ರೀಂ ಕೋರ್ಟ್‌ವರೆಗೂ ಹೋದವು. 2015ರ ಮೇ ತಿಂಗಳಲ್ಲಿ ಹಿಂದೂಸ್ತಾನ್ ಜಿಂಕ್ ಮತ್ತು ರಾಜಸ್ಥಾನ ಆಯೋಗದ ನಡುವಿನ ಪ್ರಕರಣದಲ್ಲಿ ಕೋರ್ಟ್ ಈ ಕಡ್ಡಾಯ ಸರಿ ಎಂದಿತು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು, 51ಎ(ಜಿ)ಯಲ್ಲಿರುವ ಪರಿಸರ ಕಾಪಾಡುವ ಕರ್ತವ್ಯ, ಎರಡನ್ನೂ ಮುಂದಿಟ್ಟುಕೊಂಡು ಹಾಗೆ ಹೇಳಿತು. ಸ್ವಚ್ಛ ಗಾಳಿ ಕೂಡ ಬದುಕಿನ ಭಾಗ ಎಂದಾಯಿತಲ್ಲ, ಅದು ದೊಡ್ಡ ಮಾತು.

ಆಮೇಲೆ ಬಂದದ್ದು ಇಂಧನ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ. 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪೂರ್ತಿಯಾಗಿ 2023ರ ಜನವರಿ 1ರಿಂದ ಜಾರಿಗೆ ಬಂತು. ದೊಡ್ಡ ಬಳಕೆದಾರರು ಪಳೆಯುಳಿಕೆಯಲ್ಲದ (ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಉಳಿದ) ಇಂಧನವನ್ನು ಕನಿಷ್ಠ ಇಷ್ಟು ಬಳಸಲೇಬೇಕು ಎನ್ನುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿದ್ದು ಇದರಿಂದ. ಮೇಲೆ ಹೇಳಿದ ಶೇಕಡಾ ಲೆಕ್ಕ ಹೊರಟಿದ್ದೂ ಇದರ ಕೆಳಗೇ. ಇಲ್ಲಿ ದಂಡ 10 ಲಕ್ಷದವರೆಗೆ ಇದೆ, ಅದರ ಮೇಲೆ ಕೊರತೆಗೆ ತಕ್ಕಂತೆ ಹೆಚ್ಚುವರಿ ದಂಡವೂ ಇದೆ. ಕಾರ್ಬನ್ ಕ್ರೆಡಿಟ್ (ಇಂಗಾಲದ ಹೊಗೆ ಕಡಿಮೆ ಮಾಡಿದವರಿಗೆ ಸಿಗುವ ಪ್ರಮಾಣಪತ್ರ) ವ್ಯಾಪಾರಕ್ಕೆ ತಳಹದಿ ಹಾಕಿದ್ದೂ ಇದೇ ತಿದ್ದುಪಡಿ.

ಇದರಲ್ಲಿ ಮೇಲಿನ ಮಾತು ಯಾರದು? ಕೇಂದ್ರದ್ದಾ, ರಾಜ್ಯದ್ದಾ?

ಇಬ್ಬರದೂ. ಗೊಂದಲ ಹುಟ್ಟುವುದೇ ಇಲ್ಲಿ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ವಿಷಯ. ಕಾಯ್ದೆ ಸಂಸತ್ತಿನದು. ಆದರೆ ರಾಜ್ಯದೊಳಗೆ ದರ, ಸಂಪರ್ಕ, ಖರೀದಿಯ ಪಾಲು ನೋಡಿಕೊಳ್ಳುವುದು ರಾಜ್ಯ ಆಯೋಗ. ನಮ್ಮಲ್ಲಿ ಅದು ಕೆಇಆರ್‌ಸಿ. ಕಂಬ, ತಂತಿ, ಮೀಟರ್ ನೋಡಿಕೊಳ್ಳುವುದು ಎಸ್ಕಾಂಗಳು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ರಾಜ್ಯದ್ದೇ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರೀನ್ ಎನರ್ಜಿ ಓಪನ್ ಆಕ್ಸೆಸ್ ನಿಯಮಗಳನ್ನು ತಂದಿತು. ಅದಕ್ಕೂ ಮೊದಲು ಎಸ್ಕಾಂ ಬಿಟ್ಟು ಹೊರಗಿನಿಂದ ನೇರವಾಗಿ ವಿದ್ಯುತ್ ಕೊಳ್ಳಬೇಕಾದರೆ (ಇದನ್ನೇ ಓಪನ್ ಆಕ್ಸೆಸ್ ಎನ್ನುವುದು) ಕನಿಷ್ಠ 1 ಮೆಗಾವಾಟ್ ಬೇಡಿಕೆ ಇರಬೇಕಿತ್ತು. ಹೊಸ ನಿಯಮ ಹಸಿರು ವಿದ್ಯುತ್ತಿಗೆ ಅದನ್ನು 100 ಕಿಲೋವಾಟ್‌ಗೆ ಇಳಿಸಿತು. ಅರ್ಜಿಗೆ 15 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿದೆ ಅಂತಲೇ ಲೆಕ್ಕ. ಮಧ್ಯಮ ಗಾತ್ರದ ಆಸ್ಪತ್ರೆ, ಕಾಲೇಜು, ಅಕ್ಕಿ ಗಿರಣಿಗಳಿಗೂ ಬಾಗಿಲು ತೆರೆದಂತಾಯಿತು.

2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನೇ ರದ್ದು ಮಾಡಿತು. ಅವನ್ನು ಅನುಸರಿಸಿ ಕೆಇಆರ್‌ಸಿ ಮಾಡಿದ ನಿಬಂಧನೆಗಳೂ ಅದರ ಜೊತೆಗೇ ಬಿದ್ದವು. ಹಸಿರು ವಿದ್ಯುತ್ ಬೇಡ ಎಂದು ಕೋರ್ಟ್ ಹೇಳಲಿಲ್ಲ. ಓಪನ್ ಆಕ್ಸೆಸ್ ವಿಷಯವನ್ನು ಕಾಯ್ದೆಯ ಸೆಕ್ಷನ್ 42 ರಾಜ್ಯ ಆಯೋಗಕ್ಕೆ ಬಿಟ್ಟಿದೆ, ಅಲ್ಲಿ ಕೇಂದ್ರ ನಿಯಮ ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು.

ನನಗೆ ಆ ತೀರ್ಪಿನ ತರ್ಕದ ಮೇಲೆ ತಕರಾರಿಲ್ಲ. ರಾಜ್ಯ ಆಯೋಗದ ಸ್ವಾತಂತ್ರ್ಯವೂ ಬೇಕಾದದ್ದೇ. ಆದರೆ ಒಳ್ಳೆಯ ಉದ್ದೇಶದ ಒಂದು ನಿಯಮ ಕಾಯ್ದೆಯ ಆಸರೆ ಸಾಲದೆ ಹೀಗೆ ಕುಸಿದು ಬಿತ್ತಲ್ಲ, ಅದನ್ನು ನಂಬಿ ದುಡ್ಡು ಹಾಕಿದವರ ಗತಿ? ಅದಕ್ಕೇ ಹೇಳುವುದು, ಈ ಹಕ್ಕುಗಳೆಲ್ಲ ಸಂಸತ್ತು ಪಾಸು ಮಾಡಿದ ಕಾಯ್ದೆಯ ಒಳಗೇ ಇರಬೇಕು. ಈಗ ಓಪನ್ ಆಕ್ಸೆಸ್ ಯೋಚನೆ ಇರುವವರು ಕೆಇಆರ್‌ಸಿಯ ಚಾಲ್ತಿ ನಿಬಂಧನೆ ಓದಿಯೇ ಮುಂದುವರಿಯಿರಿ.

ತಾರಸಿ ಮೇಲೆ ಸೋಲಾರ್ ಹಾಕಿಸುವವರಿಗೆ ಕಾನೂನು ಏನು ಕೊಟ್ಟಿದೆ?

2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ಕರೆಂಟ್ ಬಳಸುವವರೇ ಕರೆಂಟ್ ತಯಾರಿಸಲೂ ಬಹುದು ಎಂದು ಅದು ಒಪ್ಪಿತು. ಹಾಗೆ ತಯಾರಿಸುವ ಮನೆಯವರು ಗ್ರಾಹಕರಾಗಿಯೇ ಉಳಿಯುತ್ತಾರೆ. ಉಳಿದ ಗ್ರಾಹಕರ ಹಕ್ಕುಗಳೆಲ್ಲ ಅವರಿಗೂ ಇವೆ.

2024ರ ಫೆಬ್ರುವರಿ ತಿಂಗಳ ತಿದ್ದುಪಡಿ ಇನ್ನೂ ಅನುಕೂಲ ಮಾಡಿತು. 10 ಕಿಲೋವಾಟ್‌ವರೆಗಿನ ಅರ್ಜಿ ಎಲ್ಲ ರೀತಿಯಲ್ಲೂ ಪೂರ್ತಿಯಾಗಿದ್ದರೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿದಂತೆ. ಮಂಜೂರಾದ ಲೋಡ್ ಹೆಚ್ಚಿಸಬೇಕಿದ್ದರೆ ಅದನ್ನು ಎಸ್ಕಾಂನವರೇ ಮಾಡಿಕೊಳ್ಳಬೇಕು. 5 ಕಿಲೋವಾಟ್‌ವರೆಗೆ ಟ್ರಾನ್ಸ್‌ಫಾರ್ಮರ್, ತಂತಿ ಬಲಪಡಿಸುವ ಖರ್ಚೂ ಅವರದೇ. ಪ್ಯಾನೆಲ್ ಕೂರಿಸಿ ದಾಖಲೆ ಕೊಟ್ಟ ಮೇಲೆ ಘಟಕ ಚಾಲೂ ಮಾಡಲು ಮೊದಲು 30 ದಿನ ಇತ್ತು, ಈಗ 15 ದಿನ.

ಇದು ನನ್ನ ಅನುಭವಕ್ಕೂ ಬಂತು. ನಮ್ಮ ಅರ್ಜಿ ಕೊಟ್ಟಾಗ ಕಚೇರಿಯ ಒಬ್ಬರು "ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಲೋಡ್ ಜಾಸ್ತಿ ಆಗುತ್ತೆ, ಪರಿಶೀಲನೆ ಆಗಬೇಕು, ಕಾಯಿರಿ" ಎಂದರು. ಕಾದೆ. ಮೂರು ವಾರವಾದರೂ ಯಾರೂ ಬರಲಿಲ್ಲ. ನಿಯಮದ ಆ ಪುಟದ ಪ್ರಿಂಟ್ ತೆಗೆದು, ಆರ್‌ಆರ್ ನಂಬರ್ ಬರೆದು, ಒಂದು ಪತ್ರ ಸೇರಿಸಿ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಜಗಳ ಆಡಲಿಲ್ಲ. ಮುಂದಿನ ವಾರ ಲೈನ್‌ಮನ್ ಬಂದರು. ಅವರಿಗೆ ಆ ತಿದ್ದುಪಡಿಯ ವಿಷಯ ಯಾರೂ ತಿಳಿಸಿರಲೇ ಇಲ್ಲ. ಪಾಪ, ಅವರೇ ಇನ್ನೊಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಪತ್ರಕ್ಕೂ ಜಗ್ಗದಿದ್ದರೆ ಕಾಯ್ದೆಯ ಸೆಕ್ಷನ್ 42(5)ರ ಕೆಳಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲಿಯೂ ಆಗದಿದ್ದರೆ 42(6)ರ ಕೆಳಗೆ ವಿದ್ಯುತ್ ಓಂಬುಡ್ಸ್‌ಮನ್. ಎರಡೂ ಕಡೆ ನಿಮ್ಮ ದೂರನ್ನು ನೀವೇ ಹೇಳಿಕೊಳ್ಳಬಹುದು. ಅಂದ ಹಾಗೆ, ಹೈಕೋರ್ಟ್ ತೀರ್ಪು ಓಪನ್ ಆಕ್ಸೆಸ್ ನಿಯಮಗಳ ಕುರಿತಾದದ್ದು. ಈ ಗ್ರಾಹಕರ ಹಕ್ಕುಗಳ ನಿಯಮಗಳು ಬೇರೆ.

ನೆಟ್ ಮೀಟರಿಂಗ್ ಅಂದರೇನು?

ಹಗಲು ನಿಮ್ಮ ಪ್ಯಾನೆಲ್ ಹೊರಗೆ ಕಳಿಸಿದ ಯೂನಿಟ್‌ಗಳನ್ನು ನೀವು ಗ್ರಿಡ್‌ನಿಂದ ಪಡೆದ ಯೂನಿಟ್‌ಗಳಲ್ಲಿ ಕಳೆದು ಉಳಿದದ್ದಕ್ಕೆ ಬಿಲ್ ಹಾಕುವುದು. ಮೊದಲು ನಿಯಮಗಳಲ್ಲಿ ಇದಕ್ಕೆ 10 ಕಿಲೋವಾಟ್ ಮಿತಿ ಇತ್ತು. ಎಲ್ಲ ಕಡೆಯಿಂದ ಆಕ್ಷೇಪಣೆ ಬಂದ ಮೇಲೆ 2021ರಲ್ಲಿ 500 ಕಿಲೋವಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿವರೆಗೆ ಎಂದು ಬದಲಾಯಿತು.

ಪಿಎಂ ಸೂರ್ಯಘರ್ ಕೂಡ ಕಾನೂನೇ ಅಲ್ವಾ?

ಅಲ್ಲ. ಅದು ಯೋಜನೆ. 2024ರ ಫೆಬ್ರುವರಿಯಲ್ಲಿ ಶುರುವಾದದ್ದು. 75,021 ಕೋಟಿ ರೂಪಾಯಿ ಇಟ್ಟು ಒಂದು ಕೋಟಿ ಮನೆಗಳ ಗುರಿ ಹಾಕಿಕೊಂಡಿದೆ. 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000 ರೂಪಾಯಿ ಸಹಾಯಧನ. ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಅಂಗಡಿಯವರು ಕಡಿಮೆ ಬೆಲೆಯ ಬೇರೆ ಪ್ಯಾನೆಲ್ ತೋರಿಸಿದಾಗ ಇದನ್ನು ಮರೆತರೆ ಸಹಾಯಧನ ಕೈತಪ್ಪುತ್ತದೆ.

ಸಹಾಯಧನದ ಯೋಜನೆಗೆ ಅವಧಿ ಇರುತ್ತದೆ, ಹಣ ಮುಗಿದರೆ ಮುಗಿಯಿತು. ಗ್ರಿಡ್‌ಗೆ ಜೋಡಿಸಿಕೊಳ್ಳುವ ಹಕ್ಕು ಹಾಗಲ್ಲ. ಸಹಾಯಧನ ಸಿಗದಿದ್ದರೂ ಆ ಹಕ್ಕು ಇದ್ದೇ ಇರುತ್ತದೆ.

ರೈತರಿಗೆ ಏನಿದೆ?

2019ರಲ್ಲಿ ಬಂದ ಪಿಎಂ ಕುಸುಮ್ ಇದೆ. ಇದೂ ಯೋಜನೆಯೇ. ಮೂರು ಭಾಗ. ಸಬ್‌ಸ್ಟೇಷನ್ ಹತ್ತಿರದ ಜಮೀನಿನಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕ ಹಾಕಿ ಎಸ್ಕಾಂಗೆ ವಿದ್ಯುತ್ ಮಾರುವುದು ಒಂದು. ಗ್ರಿಡ್ ಇಲ್ಲದ ಕಡೆ ಸೋಲಾರ್ ಪಂಪು ಇನ್ನೊಂದು. ಈಗಿರುವ ಐಪಿ ಸೆಟ್‌ಗಳಿಗೆ (ನೀರಾವರಿ ಪಂಪುಗಳಿಗೆ) ಅಥವಾ ಅವುಗಳಿಗೆ ಕರೆಂಟ್ ತರುವ ಫೀಡರ್ ಲೈನಿಗೆ ಸೌರ ವಿದ್ಯುತ್ ಕೊಡುವುದು ಮೂರನೆಯದು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಮೋಟಾರ್ ಹಾಕಿದವರಿಗೆ ಹಗಲು ಕರೆಂಟಿನ ಬೆಲೆ ಗೊತ್ತು. ಹಾವು, ಹಂದಿ, ಶಾಕ್, ಎಲ್ಲ ಭಯವೂ ರಾತ್ರಿಯದ್ದೇ.

ಇನ್ನು ಜಮೀನು ಗುತ್ತಿಗೆಗೆ ಕೊಡುವ ವಿಷಯ. ಪಾವಗಡದ್ದನ್ನು ಎಲ್ಲರೂ ಕೇಳುತ್ತಾರೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ಅಲ್ಲಿ ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನಿನ ಒಡೆತನ ರೈತರದ್ದೇ. ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿದ ಸೀಮೆಯಲ್ಲಿ ವರ್ಷಕ್ಕಿಷ್ಟು ಅಂತ ಕೈಗೆ ಬರುವ ಹಣ ಸಣ್ಣದಲ್ಲ. ಜಮೀನು ಕಿತ್ತುಕೊಳ್ಳುವುದಕ್ಕಿಂತ ಎಷ್ಟೋ ಪಾಲು ಒಳ್ಳೆಯ ದಾರಿ ಇದು.

ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಕೂಲಿಯವರಿಗೆ? ಕುರಿ ಮೇಯಿಸುತ್ತಿದ್ದವರಿಗೆ? ಬೇಲಿ ಬಿದ್ದ ದಿನವೇ ಅವರ ಕೆಲಸ ಹೋಯಿತು. ನಮ್ಮ ಯಾವ ಕಾಯ್ದೆಯಲ್ಲೂ ಸೋಲಾರ್ ಪಾರ್ಕಿನಿಂದ ಕೂಲಿ ಕಳೆದುಕೊಂಡವರಿಗೆ ಇಷ್ಟು ಪಾಲು ಅಂತ ಒಂದು ಸಾಲೂ ಇಲ್ಲ. ಸೌರ ಘಟಕಗಳಿಗೆ ಪರಿಸರ ಅನುಮತಿಯಿಂದ ವಿನಾಯಿತಿ ಇರುವುದರಿಂದ ಆ ಅನುಮತಿಗಾಗಿ ನಡೆಯುವ ಸಾರ್ವಜನಿಕ ಸಭೆಯೂ ಇಲ್ಲ. ಸೋಲಾರ್ ಪರವಾಗಿ ಇಷ್ಟು ಮಾತಾಡುವ ನಾನು ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಕಾರ್ಖಾನೆ, ಆಸ್ಪತ್ರೆಗಳು ಸೇರಿ ಒಂದು ಘಟಕ ಮಾಡಿಕೊಳ್ಳಬಹುದಾ?

ಬಹುದು. ಇದನ್ನು ಗ್ರೂಪ್ ಕ್ಯಾಪ್ಟಿವ್ ಎನ್ನುತ್ತಾರೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಸುವವರೆಲ್ಲ ಸೇರಿ ಕನಿಷ್ಠ ಶೇ 26 ಒಡೆತನ ಇಟ್ಟುಕೊಳ್ಳಬೇಕು, ವರ್ಷಕ್ಕೆ ತಯಾರಾದ ವಿದ್ಯುತ್ತಿನಲ್ಲಿ ಕನಿಷ್ಠ ಶೇ 51 ಬಳಸಬೇಕು. ಹಾಗಿದ್ದರೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಎಸ್ಕಾಂ ಬಿಟ್ಟು ಹೊರಗಿನಿಂದ ಕೊಳ್ಳುವವರು ಕಟ್ಟಬೇಕಾದ ಹೆಚ್ಚುವರಿ ಶುಲ್ಕ) ಬೀಳುವುದಿಲ್ಲ. ಲೆಕ್ಕ ತಪ್ಪಿದರೆ ಇಡೀ ವರ್ಷದ ಸರ್‌ಚಾರ್ಜ್ ಕಟ್ಟಬೇಕಾಗುತ್ತದೆ, ಆದ್ದರಿಂದ ಲೆಕ್ಕ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಗಾಳಿಯಂತ್ರ ಕೆಲವು ಸಲ ಗಾಳಿ ಇದ್ದರೂ ನಿಂತಿರುತ್ತದೆ. ಯಾಕೆ?

ರಿಪೇರಿ ಇರಬಹುದು. ಇಲ್ಲವೇ ವಿದ್ಯುತ್ ತಳ್ಳಬೇಡಿ ಎಂದು ಗ್ರಿಡ್ ನೋಡಿಕೊಳ್ಳುವವರು ಹೇಳಿರಬಹುದು. 2021ರ ಅಕ್ಟೋಬರ್‌ನಲ್ಲಿ ಬಂದ 'ಮಸ್ಟ್ ರನ್' ನಿಯಮ ಪ್ರಕಾರ ಗಾಳಿ, ಸೌರ ಘಟಕಗಳನ್ನು ಬೆಲೆಯ ಕಾರಣಕ್ಕೆ ನಿಲ್ಲಿಸುವಂತಿಲ್ಲ. ಗ್ರಿಡ್‌ಗೆ ಅಪಾಯ ಇದ್ದರೆ ಮಾತ್ರ ನಿಲ್ಲಿಸಬಹುದು. ಬೇರೆ ಕಾರಣಕ್ಕೆ ನಿಲ್ಲಿಸಿದರೆ ಪರಿಹಾರ ಕೊಡಬೇಕು.

ಒಪ್ಪಂದ ಮುರಿಯುವ ಪ್ರಯತ್ನಗಳೂ ನಡೆದಿವೆ. 2019ರಲ್ಲಿ ಆಂಧ್ರ ಪ್ರದೇಶ ಸರ್ಕಾರ ಹಳೆಯ ಗಾಳಿ, ಸೌರ ಒಪ್ಪಂದಗಳ ದರವನ್ನು ಮತ್ತೆ ಚೌಕಾಸಿ ಮಾಡಲು ಹೊರಟಿತು. 2022ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್ ಒಪ್ಪಂದದ ದರವನ್ನೇ ಕೊಡಬೇಕೆಂದಿತು. ಅಷ್ಟರಲ್ಲಿ ಎರಡೂವರೆ ವರ್ಷ ಕಳೆದಿತ್ತು.

ಹಕ್ಕಿಗಳಿಗೆ ತೊಂದರೆ ಆಗುವುದಿಲ್ಲವಾ?

ಆಗುತ್ತದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಹಕ್ಕಿ, ನಮ್ಮ ಬಳ್ಳಾರಿ ಕಡೆ ಎರೆಭೂತ ಎನ್ನುತ್ತಾರೆ, ಸಿರುಗುಪ್ಪದ ಎರೆ ಹೊಲಗಳಲ್ಲಿ ಕಂಡದ್ದು. ದೇಶದಲ್ಲಿ ಈಗ ಉಳಿದವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಅಲ್ಲೇ ಬಿಸಿಲೂ ಜಾಸ್ತಿ, ಸೋಲಾರ್ ಘಟಕಗಳೂ ಜಾಸ್ತಿ. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ.

2021ರಲ್ಲಿ ಸುಪ್ರೀಂ ಕೋರ್ಟ್ ವಿಶಾಲ ಪ್ರದೇಶದಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತ್ತು. 2024ರ ಮಾರ್ಚ್ 21ರಂದು ಅದೇ ಪ್ರಕರಣದಲ್ಲಿ, ಎಂ.ಕೆ. ರಂಜಿತ್‌ಸಿನ್ಹ್ ಅವರು ಹಾಕಿದ್ದ ಅರ್ಜಿಯಲ್ಲಿ, ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿದೆ ಎಂದು ಕೋರ್ಟ್ ಗುರುತಿಸಿದ್ದು ಈ ತೀರ್ಪಿನಲ್ಲೇ. ಹಕ್ಕಿಯನ್ನು ಉಳಿಸಲು ಹೋದ ಅರ್ಜಿಯಿಂದ ಮನುಷ್ಯರಿಗೂ ಒಂದು ಹಕ್ಕು ಸಿಕ್ಕಿತು.

ಬೇರೆ ದೇಶಗಳಲ್ಲಿ ಪ್ರತ್ಯೇಕ ಕಾಯ್ದೆ ಇದೆಯಾ?

ಇದೆ. ಜರ್ಮನಿಯಲ್ಲಿ 1991ರಿಂದಲೇ ಗ್ರಿಡ್ ಕಂಪನಿಗಳು ಇಂಥ ವಿದ್ಯುತ್ ಕೊಳ್ಳಬೇಕೆಂಬ ಕಾಯ್ದೆ ಜಾರಿಯಲ್ಲಿತ್ತು. 2000ದ ಏಪ್ರಿಲ್‌ನಲ್ಲಿ ಇನ್ನೂ ಗಟ್ಟಿ ಕಾಯ್ದೆ ಬಂತು. 20 ವರ್ಷ ನಿಗದಿತ ದರ, ಗ್ರಿಡ್‌ನಲ್ಲಿ ಮೊದಲ ಆದ್ಯತೆ. ಸಾಮಾನ್ಯ ರೈತರು, ಸಹಕಾರ ಸಂಘಗಳು ಕೂಡ ಸಾಲ ಮಾಡಿ ಘಟಕ ಹಾಕಿದ್ದು ಆ ಭರವಸೆಯ ಮೇಲೆ. ಚೀನಾದ ಕಾಯ್ದೆ 2006ರ ಜನವರಿಯಿಂದ ಜಾರಿಗೆ ಬಂತು. ಜಪಾನ್ ನಿಗದಿತ ದರದ ಪದ್ಧತಿಗೆ ಬಂದದ್ದು 2012ರಲ್ಲಿ. ನಾವು ಹರಾಜಿನ ದಾರಿ ಹಿಡಿದೆವು. ಕರೆಂಟು ಅಗ್ಗವಾಯಿತು, ನಿಜ. ಆದರೆ ಹರಾಜಿಗೆ ನಿಲ್ಲುವ ಶಕ್ತಿ ದೊಡ್ಡ ಕಂಪನಿಗಳಿಗೆ ಮಾತ್ರ ಇರುತ್ತದೆ. ಜರ್ಮನಿಯ ಹಳ್ಳಿಯ ಸಹಕಾರ ಸಂಘದಂಥದ್ದು ನಮ್ಮಲ್ಲಿ ಬೆಳೆಯದಿರಲು ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ನಮ್ಮ ದೇಶ ಆಗಲೇ ಶೇ 50ರ ಗುರಿ ಮುಟ್ಟಿದೆಯಂತಲ್ಲ?

2030ರೊಳಗೆ ಸ್ಥಾಪಿತ ಸಾಮರ್ಥ್ಯದ ಶೇ 50ರಷ್ಟು ಪಳೆಯುಳಿಕೆಯಲ್ಲದ ಮೂಲಗಳಿಂದ ಇರಬೇಕು ಎಂದು 2022ರಲ್ಲಿ ಭಾರತ ಜಗತ್ತಿಗೆ ಮಾತು ಕೊಟ್ಟಿತ್ತು. 2025ರಲ್ಲೇ ಅದನ್ನು ಮುಟ್ಟಿತು. ಹೆಮ್ಮೆಪಡುವ ವಿಷಯ. ಆದರೆ ಸಾಮರ್ಥ್ಯ ಬೇರೆ, ತಯಾರಾದ ವಿದ್ಯುತ್ ಬೇರೆ. ರಾತ್ರಿ ಪ್ಯಾನೆಲ್ ಮಲಗುತ್ತದೆ, ಬೇಸಿಗೆಯಲ್ಲಿ ಎಷ್ಟೋ ಗಾಳಿಯಂತ್ರ ನಿಧಾನವಾಗುತ್ತವೆ. ನಾವು ಬಳಸುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದ್ದೇ. ಬಳಕೆಯ ಮೇಲೆ ಶೇ 43.33 ಎಂಬ ಕಡ್ಡಾಯ ಬೇಕಾದದ್ದು ಅದಕ್ಕೇ.

ಸಾಮಾನ್ಯ ಜನರಾಗಿ ನಾವು ಇದರಲ್ಲಿ ಏನು ಮಾಡಬಹುದು?

ಕೆಇಆರ್‌ಸಿಗೆ ಬರೆಯಬಹುದು. ಎಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದರೆ ಅದರ ಸಾರಾಂಶ ಪ್ರಕಟವಾಗಬೇಕು, ಜನರ ಸಲಹೆ, ಆಕ್ಷೇಪಣೆ ನೋಡಿಯೇ ಆಯೋಗ ಆದೇಶ ಮಾಡಬೇಕು ಎನ್ನುತ್ತದೆ ಕಾಯ್ದೆಯ ಸೆಕ್ಷನ್ 64. ಎಲ್ಲರೂ ಯೂನಿಟ್ ದರದ ಪುಟ ಮಾತ್ರ ನೋಡುತ್ತಾರೆ. ನೀವು ನವೀಕರಿಸಬಹುದಾದ ವಿದ್ಯುತ್ ಖರೀದಿಯ ಕೋಷ್ಟಕ ಹುಡುಕಿ. ಗುರಿ ಎಷ್ಟಿತ್ತು, ಕೊಂಡದ್ದು ಎಷ್ಟು, ತಾರಸಿ ಸೋಲಾರ್ ಪಾಲು ಎಷ್ಟು ಅಂತ ನೋಡಿ. ಕೊರತೆ ಇದ್ದರೆ ಅದನ್ನೇ ಒಂದು ಪುಟದಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ವಿಚಾರಣೆಯ ದಿನ ಹೋಗಿ ಮಾತಾಡಲೂಬಹುದು.

ನಾನು ಮೊದಲ ಸಲ ಹೋದಾಗ ಕೈ ನಡುಗುತ್ತಿತ್ತು. ಸಿಕ್ಕಿದ್ದು ಮೂರ್ನಾಲ್ಕು ನಿಮಿಷ. ತಾರಸಿ ಸೋಲಾರ್ ಅರ್ಜಿಗಳಲ್ಲಿ ಎಷ್ಟು 15 ದಿನದೊಳಗೆ ಮುಗಿದಿವೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಿ ಎಂದು ಕೇಳಿದೆ. ತಿಂಗಳುಗಳ ನಂತರ ಆದೇಶದ ಪ್ರತಿ ತೆರೆದು ನೋಡಿದರೆ ನನ್ನ ಆಕ್ಷೇಪಣೆ, ಅದಕ್ಕೆ ಎಸ್ಕಾಂ ಕೊಟ್ಟ ಉತ್ತರ, ಅದರ ಕೆಳಗೆ ಆಯೋಗದ ಅಭಿಪ್ರಾಯ, ಮೂರೂ ಅಚ್ಚಾಗಿದ್ದವು. ಪಟ್ಟಿ ಇನ್ನೂ ಬಂದಿಲ್ಲ. ಮುಂದಿನ ವಿಚಾರಣೆಗೆ ಅದೇ ಪ್ರಶ್ನೆ ಹಿಡಿದು ಮತ್ತೆ ಹೋಗುತ್ತೇನೆ.